ಮುಂದೆ ಎಂಬ ಕಾಲಂ

ನಮ್ಮ ಫಾರಮ್ಮಿನಲ್ಲಿ ಎರಡೇ ಕಾಲಂ: ಇಂದು, ಮುಂದೆ.
ಇಪ್ಪತ್ತರಿಂದ ಎಂಬತ್ತರವರೆಗೆ ಅಂಕ.
ಇಪ್ಪತ್ತರ ಕೆಳಗೆ ಯಾರನ್ನೂ ಇಳಿಸುವುದಿಲ್ಲ, ದೊಡ್ಡ ಮನಸ್ಸು ನಮ್ಮದು.
ಎಂಬತ್ತನ್ನು ನಾನು ಮೂವತ್ತೊಂದು ವರ್ಷದಲ್ಲಿ
ಎರಡು ಸಲ ಬರೆದಿದ್ದೇನೆ,
ಒಂದನ್ನು ಆಮೇಲೆ ಕಾಗದ ಹರಿಯುವಷ್ಟು ಉಜ್ಜಿ ಅಳಿಸಿದ್ದೇನೆ.

ಜುಲೈ. ಮಿಸಿಸಿಪ್ಪಿಯ ಈಚೆ ದಡ, ಅಯೋವಾ.
ಜೋಳದಿಂದ ಸಕ್ಕರೆ ತೆಗೆವ ಕಾರ್ಖಾನೆಯ ಹುಳಿನಾತ
ಮೂರನೇ ಇನಿಂಗ್ಸಿಗೆ ಮೂಗಿಗೆ ರೂಢಿಯಾಗುತ್ತದೆ.
ಬಲೆಯ ಹಿಂದೆ, ಕ್ಯಾಚರನ ಬೆನ್ನಿಗೆ ನೇರ, ನನ್ನ ಕುರ್ಚಿ.
ಪಕ್ಕದಲ್ಲಿ ಬೇರೆ ಬೇರೆ ತಂಡದ ಹುಡುಗರು,
ಚೆಂಡು ನಿಮಿಷಕ್ಕೆಷ್ಟು ಸುತ್ತು ತಿರುಗಿತೆಂದು
ಲ್ಯಾಪ್‌ಟಾಪಿನಲ್ಲಿ ನೋಡುವವರು,
ಚೆಂಡನ್ನು ನೋಡದವರು.
ನನ್ನ ಹೊಟ್ಟೆಕಿಚ್ಚೂ ಇದರಲ್ಲಿ ಸೇರಿದೆ, ಒಪ್ಪುತ್ತೇನೆ.

ದಿಬ್ಬದ ಮೇಲೆ ಯೆರ್ಲಿನ್ ಲಾಂತಿಗ್ವಾ,
ಡೊಮಿನಿಕನ್ ಸೀಮೆಯ ಆಸುವಾದವನು, ಇಪ್ಪತ್ತು ತುಂಬಿದೆ.
ಎರಡು ವರ್ಷದ ಹಿಂದೆ ಇವನದು ತೊಂಬತ್ತೇಳು ಮೈಲಿ ವೇಗ.
ಚೆಂಡು ಎಲ್ಲಿಗೆ ಹೋಗುತ್ತದೆಂದು
ಅವನಿಗೂ ಗೊತ್ತಿಲ್ಲ, ದೇವರಿಗೂ;
ಒಮ್ಮೆ ಗೂಬೆ ವೇಷದ ಹುಡುಗನ ಗೂಬೆತಲೆಗೇ ಬಡಿಯಿತು.
ಇಂದು ಮೂವತ್ತು, ಮುಂದೆ ಎಪ್ಪತ್ತು, ಎಂದು ಬರೆದೆ.
ನಡುವಿನ ನಲವತ್ತು
ಅವನ ಹೆಸರಲ್ಲಿ ನಾನು ಎತ್ತಿದ ಸಾಲ.

ಇವತ್ತು ಗನ್ನಿನಲ್ಲಿ ತೊಂಬತ್ತೊಂದು. ತೊಂಬತ್ತು. ತೊಂಬತ್ತೊಂದು.
ಆರು ಮೈಲಿ ಎಲ್ಲಿ ಹೋಯಿತು?
ಕಳಕೊಂಡನೋ, ಬಿಟ್ಟುಕೊಟ್ಟನೋ?
ಮೊಣಕೈಯೊಳಗೆ ನೂಲಿನಷ್ಟು ಏನೋ ಹರಿದಿದೆಯೋ,
ಇಲ್ಲಾ, ಹೊಡೆಯುವವನ ಆತುರವನ್ನೇ ಅವನಿಗೆ ಉಣಿಸು ಎಂದು
ಯಾರಾದರೂ ಕಿವಿಯಲ್ಲಿ ಹೇಳಿದರೋ?
ಬಲೆಯ ಹಿಂದಿನಿಂದ ಎರಡಕ್ಕೂ ಒಂದೇ ಮುಖ.

ಶಾರ್ಟ್‌ಸ್ಟಾಪ್ ಸುಲಭದ ಚೆಂಡು ಕೈಬಿಟ್ಟ.
ಹಳೆಯ ಯೆರ್ಲಿನ್ ಆಗಿದ್ದರೆ ಎರಡೂ ಕೈಯೆತ್ತಿ
ಆಕಾಶಕ್ಕೆ ದೂರು ಕೊಡುತ್ತಿದ್ದ.
ಇವನು ಬಾಗಿ, ಬಿಗಿಯಾಗಿಯೇ ಇದ್ದ ಲೇಸು ಬಿಚ್ಚಿ
ಮತ್ತೆ ಕಟ್ಟಿದ, ನಿಧಾನ,
ಶಾರ್ಟ್‌ಸ್ಟಾಪಿನ ಕೆಂಪು ಕಿವಿ ತಣ್ಣಗಾಗುವವರೆಗೆ.
ಫಾರಮ್ಮಿನಲ್ಲಿ ಇದಕ್ಕೆ ಜಾಗವಿಲ್ಲ.
ಅಂಚಿನಲ್ಲಿ ಗೀಚಿದೆ: ಲೇಸು.

ಬೆಳೆವ ಸಿರಿ ಮೊಳಕೆಯಲ್ಲಿ ಎನ್ನುವವರು
ಮೊಳಕೆಗಳನ್ನು ಎಣಿಸಿದವರಲ್ಲ.
ನಾನು ನಾಲ್ಕು ಸಾವಿರ ಎಣಿಸಿದ್ದೇನೆ,
ಮೇಲಕ್ಕೆ ಹೋದವರೆಲ್ಲ ಒಂದೇ ಬಸ್ಸಿನಲ್ಲಿ ಹಿಡಿಯುತ್ತಾರೆ,
ಕಿಟಕಿ ಸೀಟಿಗೆ ಜಗಳವಿಲ್ಲದೆ.

ಅಳಿಸಿದ ಎಂಬತ್ತು ಈಗ ಮೊಲೀನಿನಲ್ಲಿ ಟೈರ್ ಅಂಗಡಿ ಇಟ್ಟಿದೆ.
ಕರ್ಟ್ ಹುಪರ್ಟ್. ಭುಜಕ್ಕೆ ಮೂರು ಸಲ ಚಾಕು ಬಿದ್ದವನು.
ನನ್ನ ಕಾರಿನ ಸುತ್ತ ಒಂದು ಸುತ್ತು ಬಂದು
ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿಂದ ರಬ್ಬರು ಒತ್ತಿ
‘ಮಿಸ್ಟರ್ ಹ್ರುಸ್ಕಾ, ಎಡಗಡೆಯದು ಇನ್ನು ಮೂರು ಸಾವಿರ ಮೈಲಿ’ ಎನ್ನುತ್ತಾನೆ.
ಅಷ್ಟೇ ಬಾಳುತ್ತದೆ. ಯಾವಾಗಲೂ.

ಎಂಟನೇ ಇನಿಂಗ್ಸಿಗೆ ನದಿಯಿಂದ ಹುಳುಗಳೆದ್ದವು,
ಒಂದೇ ರಾತ್ರಿಯ ರೆಕ್ಕೆಯವು,
ದೀಪದ ಕಂಬಕ್ಕೆ ಲಕ್ಷಗಟ್ಟಲೆ.
ಆಟ ನಿಲ್ಲಿಸಿ ಸಲಿಕೆಯಲ್ಲಿ ತೋಡಿ ತೋಡಿ ಹಾಕಿದರು.
ಇಪ್ಪತ್ತು ನಿಮಿಷ ದಿಬ್ಬದ ಬಳಿಯೇ ನಿಂತಿದ್ದ ಹುಡುಗ,
ತೋಳಿನ ತುಂಬ ಹುಳು,
ಬೆರಳಲ್ಲಿ ಚೆಂಡಿನ ಹೊಲಿಗೆ ಹುಡುಕುತ್ತ.
ಮತ್ತೆ ಶುರುವಾದ ಮೇಲೆ ಮೊದಲನೆಯದು: ಎಂಬತ್ತೆರಡು ಮೈಲಿ.
ಚೆಂಡು ಬರುವ ಮೊದಲೇ ಬ್ಯಾಟು ಬೀಸಿ
ಹೊಡೆಯುವವನು ಮೊಣಕಾಲೂರಿದ.
ಲ್ಯಾಪ್‌ಟಾಪಿನ ಹುಡುಗರೂ ತಲೆಯೆತ್ತಿದರು.

ಆಟ ಮುಗಿದ ಮೇಲೆ ಬಸ್ಸಿನ ಹತ್ತಿರ ನಿಂತೆ,
ಸಿಗರೇಟು ಹಚ್ಚುವವನ ಹಾಗೆ;
ಸಿಗರೇಟು ಬಿಟ್ಟು ಹನ್ನೊಂದು ವರ್ಷ.
ಚೀಲವನ್ನು ಯಾವ ಕೈಯಲ್ಲಿ ಎತ್ತುತ್ತಾನೆ ನೋಡಬೇಕಿತ್ತು.
ಬಂದ. ಬಲಗೈ ಪಿಚರ್. ಎಡಗೈಯಲ್ಲಿ ಎತ್ತಿದ.

ಮೆಟ್ಟಿಲ ಮೇಲೆ ಒಂದು ಕಾಲಿಟ್ಟು
ನಾನು ನೋಡುವುದನ್ನು ನೋಡಿದ.
ಚೀಲವನ್ನು ಬಲಗೈಗೆ ಬದಲಿಸಿ,
ನಕ್ಕು, ಒಳಗೆ ಹೋದ.